ಒಂದೂವರೆ ಗಂಟೆಯ ಹಾರಾಟ, ಎಂಟು ಗಂಟೆಯ ಪ್ರಯಾಣ

ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿಯೆಂದು ಯಾರನ್ನು ಕೇಳಿದರೂ “ಒಂದೂವರೆ ಗಂಟೆ” ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಉತ್ತರ ಸುಳ್ಳಲ್ಲ, ಟಿಕೇಟಿನ ಮೇಲೆ ಅಚ್ಚಾಗಿರುವುದೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಠಾಕುರ್ಲಿಯ ಚಾಳಿನಲ್ಲಿ ಖೋಲಿ ಮಾಡಿಕೊಂಡಿರುವ ಹೋಟೇಲು ಕಾರ್ಮಿಕನೊಬ್ಬನು ಆ ಮಾತನ್ನೇ ನಂಬಿ, “ಮಧ್ಯಾಹ್ನದೊಳಗೆ ಮುಟ್ಟುತ್ತೇನೆ, ನಾನು ಬರುವವರೆಗೆ ಕಾಯಿರಿ” ಎಂದು ಊರಿನವರಿಗೆ ಹೇಳಿಬಿಟ್ಟನೆಂದರೆ, ಅಲ್ಲಿ ಕಾಯುವವರಿಗೂ ಇಲ್ಲಿಂದ ಹೊರಟವನಿಗೂ ಸಂಕಟ ತಪ್ಪಿದ್ದಲ್ಲ. ನಮ್ಮ ಜನರಲ್ಲಿ ಬಹುಮಂದಿ ಸಂತೋಷಕ್ಕಾಗಿ ವಿಮಾನ ಹತ್ತುವವರಲ್ಲ. ತಾಯಿಗೆ ಹೆಚ್ಚಾಗಿದೆಯೆಂದೋ, ತಂದೆ ತೀರಿಕೊಂಡರೆಂದೋ ಸುದ್ದಿ ಬಂದಾಗ ಸಾಲವಾದರೂ ಸರಿಯೆಂದು ಟಿಕೇಟು ಕೊಳ್ಳುವವರು. ಅಂತಹವರಿಗೆ ಗಂಟೆಯ ಲೆಕ್ಕ ತಪ್ಪಿದರೆ ಮತ್ತೆ ಸರಿಪಡಿಸಲಾಗದ ನಷ್ಟವಾಗುತ್ತದೆ. ಆದುದರಿಂದ ಈ ಎರಡು ನಿಲ್ದಾಣಗಳ ನಡುವಣ ಅಂತರವೆಷ್ಟು, ಅದನ್ನು ದಾಟಲು ನಿಜವಾಗಿ ಹಿಡಿಯುವ ವೇಳೆಯೆಷ್ಟು ಎಂಬುದನ್ನು ನಮ್ಮ ವಾಚಕರ ಮುಂದೆ ಬಿಡಿಸಿ ಇಡುವುದು ಉಪಯುಕ್ತವೆಂದು ಭಾವಿಸಿದ್ದೇವೆ.

ಅಂತರದ ಲೆಕ್ಕ

ವಿಮಾನವು ಘಟ್ಟ ಹತ್ತುವುದಿಲ್ಲ, ಹೊಳೆ ಸುತ್ತುವುದಿಲ್ಲ. ಆದ್ದರಿಂದ ಅದರ ದಾರಿಯನ್ನು ಭೂಗೋಲದ ಮೇಲೆ ನೂಲು ಹಿಡಿದಂತೆ ಅಳೆಯಬಹುದು. ಕಾಗದ ಪೆನ್ಸಿಲು ಬಲ್ಲ ಗುಮಾಸ್ತನು ತನ್ನ ಮೇಜಿನಲ್ಲಿಯೇ ಮಾಡಬಹುದಾದ ಲೆಕ್ಕವಿದು. ಮುಂಬಯಿಯ ಸಾಂತಾಕ್ರೂಜ್–ಸಹಾರ್ ನಿಲ್ದಾಣವು 19 ಡಿಗ್ರಿಗಿಂತ ತುಸು ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿದೆ. ಮಂಗಳೂರಿನ ಬಜಪೆ ನಿಲ್ದಾಣವು 13 ಡಿಗ್ರಿಗಿಂತ ತುಸು ಕಡಿಮೆಯಲ್ಲಿದೆ. ಅಂದರೆ ಉತ್ತರ–ದಕ್ಷಿಣವಾಗಿ ನಡುವಣ ಅಂತರ 6.13 ಡಿಗ್ರಿ. ಪೂರ್ವ–ಪಶ್ಚಿಮವಾಗಿ ಬಜಪೆಯು ಮುಂಬಯಿಗಿಂತ 2.02 ಡಿಗ್ರಿ ಪೂರ್ವಕ್ಕಿದೆ. ಅಕ್ಷಾಂಶದ ಒಂದು ಡಿಗ್ರಿಗೆ ನಮ್ಮ ಪ್ರದೇಶದಲ್ಲಿ ಸುಮಾರು 110.6 ಕಿಲೋಮೀಟರ್, ರೇಖಾಂಶದ ಒಂದು ಡಿಗ್ರಿಗೆ ಸುಮಾರು 107 ಕಿಲೋಮೀಟರ್ ಎಂದು ಹಿಡಿದರೆ, ದಕ್ಷಿಣಕ್ಕೆ 678, ಪೂರ್ವಕ್ಕೆ 216 ಕಿಲೋಮೀಟರ್ ಆಗುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರದಂತೆ ಎರಡನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ ಬರುವ ಉತ್ತರ ಸುಮಾರು 712 ಕಿಲೋಮೀಟರ್. ವೈಮಾನಿಕರು ಉಪಯೋಗಿಸುವ ನಾವಿಕ ಮೈಲಿಯಲ್ಲಿ, ಅಂದರೆ 1.852 ಕಿಲೋಮೀಟರಿಗೆ ಒಂದರಂತೆ, ಇದು 384 ಮೈಲಿ.

ನೆಲದ ಮೇಲಿನ ದಾರಿಗಳೊಡನೆ ಇದನ್ನು ಹೋಲಿಸಿ ನೋಡೋಣ. ಪನವೇಲಿನಿಂದ ಕರಾವಳಿಯುದ್ದಕ್ಕೂ ಇಳಿಯುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋದರೆ ಮುಂಬಯಿ–ಮಂಗಳೂರು 900 ಕಿಲೋಮೀಟರಿಗೂ ಮಿಗಿಲು. ರೈಲಿನಲ್ಲಿಯೂ ಸುಮಾರು ಅಷ್ಟೇ. ಆಕಾಶಮಾರ್ಗದಿಂದ ಉಳಿಯುವುದು ಇನ್ನೂರು ಚಿಲ್ಲರೆ ಕಿಲೋಮೀಟರ್ ಮಾತ್ರ. ವಿಮಾನದ ಮಹಿಮೆ ಅದರ ವೇಗದಲ್ಲಿದೆ. ದಾರಿಯ ಉಳಿತಾಯ ಅಲ್ಪವೇ.

ಹಿಂದಿನ ದಾರಿಗಳು

ಈ ವೇಗದ ಬೆಲೆ ತಿಳಿಯಬೇಕಾದರೆ ನಮ್ಮ ಹಿರಿಯರು ಬಂದ ದಾರಿಯನ್ನು ಒಮ್ಮೆ ನೆನೆಯಬೇಕು. ಉಡುಪಿ, ಕುಂದಾಪುರಗಳ ಕಡೆಯಿಂದ ಮುಂಬಯಿಯ ಹೋಟೇಲುಗಳಲ್ಲಿ ಲೋಟ ತೊಳೆಯಲು ಬಂದ ಮಾಣಿಗಳಲ್ಲಿ ಮೊದಲ ತಲೆಮಾರಿನ ಅನೇಕರು ಆಗಬೋಟು ಏರಿ ಬಂದವರು. ಮಳೆಗಾಲದಲ್ಲಿ ಕಡಲು ಕೆರಳಿದೊಡನೆ ಆಗಬೋಟಿನ ಸಂಚಾರ ನಿಲ್ಲುತ್ತಿತ್ತು. ಆ ತಿಂಗಳುಗಳಲ್ಲಿ ಊರಿನಿಂದ ಎಂತಹ ಸುದ್ದಿ ಬಂದರೂ ಆ ದಾರಿ ಮುಚ್ಚಿದ್ದೇ. ಮಂಗಳೂರಿಗೆ ರೈಲು 1907ರಲ್ಲಿಯೇ ಬಂದಿತ್ತಾದರೂ ಅದು ದಕ್ಷಿಣದಿಂದ ಬಂದದ್ದು. ರೈಲಿನಲ್ಲಿಯೇ ಹೋಗುತ್ತೇನೆಂದವನು ರಾಯಚೂರು, ಗುಂತಕಲ್, ಅರಕ್ಕೋಣಂ, ಪಾಲಕ್ಕಾಡುಗಳನ್ನು ಸುತ್ತಿ, ದಕ್ಷಿಣ ಭಾರತಕ್ಕೆ ಪ್ರದಕ್ಷಿಣೆ ಹಾಕಿದಂತೆ ಹೋಗಬೇಕಾಗಿತ್ತು.

1951ರ ಡಿಸೆಂಬರ್ 25ರಂದು ಬಜಪೆಯ ವಿಮಾನ ನಿಲ್ದಾಣವು ತೆರೆಯಿತು. ಅಂದು ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ಡಗ್ಲಸ್ ಡಿ.ಸಿ. 3 ವಿಮಾನದಲ್ಲಿ ಅಲ್ಲಿಗೆ ಬಂದಿಳಿದರು. ಜನರ ಬಾಯಲ್ಲಿ ‘ಡಕೋಟಾ’ ಎನಿಸಿಕೊಂಡ ಆ ವಿಮಾನವು ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ಹಾರುತ್ತಿತ್ತು. 712 ಕಿಲೋಮೀಟರ್ ದೂರವನ್ನು ಕ್ರಮಿಸಲು ಅಂತಹ ವಿಮಾನಕ್ಕೆ ಎರಡೂವರೆ ಗಂಟೆಗೂ ಮಿಕ್ಕಿ ಬೇಕು. ಆದರೆ ಅದರಲ್ಲಿ ಹಿಡಿಸುತ್ತಿದ್ದವರು ಇಪ್ಪತ್ತು ಮೂವತ್ತು ಮಂದಿ. ಹೋಟೇಲಿನ ಮಾಣಿಗೆ ಅದು ತಲೆಯೆತ್ತಿ ನೋಡುವ ವಸ್ತುವಾಗಿತ್ತೇ ಹೊರತು ಹತ್ತುವ ವಸ್ತುವಾಗಿರಲಿಲ್ಲ.

ಬಡವನ ದಾರಿಯನ್ನು ನಿಜವಾಗಿ ಮೊಟಕುಗೊಳಿಸಿದ್ದು ಕೊಂಕಣ ರೈಲ್ವೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ 1998ರ ಜನವರಿ 26ರಂದು ಪ್ರಯಾಣಿಕರ ಸಂಚಾರ ಪೂರ್ಣವಾಗಿ ಆರಂಭವಾಯಿತು. ಇದಕ್ಕಾಗಿ ನಿಗಮವನ್ನು ಸ್ಥಾಪಿಸಿದ 1990ರಲ್ಲಿ ರೈಲ್ವೆ ಮಂತ್ರಿಗಳಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್. ತರುಣರಾಗಿದ್ದಾಗ ಹೋಟೇಲು ಕಾರ್ಮಿಕರ ನಡುವೆ ಸಂಘಟನೆ ಮಾಡಿದ ಅವರ ಅಧಿಕಾರಾವಧಿಯಲ್ಲಿಯೇ ಆ ಕಾರ್ಮಿಕರು ಊರಿಗೆ ಹೋಗುವ ರೈಲಿಗೆ ನಾಂದಿಯಾಯಿತೆಂಬುದನ್ನು ನಮ್ಮವರು ಕೃತಜ್ಞತೆಯಿಂದ ನೆನೆಯುತ್ತಾರೆ.

ಆಕಾಶದಲ್ಲಿ ಕಳೆಯುವ ವೇಳೆ

ಇಂದಿನ ಜೆಟ್ ವಿಮಾನವು ಎತ್ತರದಲ್ಲಿ ಗಂಟೆಗೆ 800 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಆ ಲೆಕ್ಕದಿಂದ 712 ಕಿಲೋಮೀಟರಿಗೆ ಐವತ್ತಮೂರು ನಿಮಿಷ ಸಾಕು. ಹಾಗಿದ್ದರೆ ಟಿಕೇಟಿನಲ್ಲಿ ಒಂದೂವರೆ ಗಂಟೆಯೆಂದು ಏಕಿದೆ?

ಕಾರಣಗಳು ಹಲವು. ವಿಮಾನವು ನೆಲ ಬಿಟ್ಟೊಡನೆ ಪೂರ್ಣ ವೇಗಕ್ಕೆ ಬರುವುದಿಲ್ಲ. ಮೇಲೇರಲು ಕೆಲ ಹೊತ್ತು, ಇಳಿಯಲು ಕೆಲ ಹೊತ್ತು ಬೇಕು. ಇಷ್ಟು ಹತ್ತಿರದ ದಾರಿಯಲ್ಲಿ ಏರುವುದು ಮುಗಿದು ಸ್ವಲ್ಪ ಹೊತ್ತಿಗೆ ಇಳಿಯುವುದು ಆರಂಭವಾಗುತ್ತದೆ. ಎರಡನೆಯದಾಗಿ, ಅದು ನೂಲು ಎಳೆದಂತೆ ಹೋಗದೆ ಗೊತ್ತುಪಡಿಸಿದ ಆಕಾಶಮಾರ್ಗವನ್ನು ಹಿಡಿದು, ರನ್‌ವೇಯ ದಿಕ್ಕಿಗೆ ತಿರುಗಿ ಇಳಿಯಬೇಕು. ಮೂರನೆಯದಾಗಿ, ವೇಳಾಪಟ್ಟಿಯ ‘ಹೊರಡುವ ವೇಳೆ’ ಎಂದರೆ ವಿಮಾನವು ತಾನು ನಿಂತಿದ್ದ ಜಾಗದಿಂದ ಕದಲುವ ವೇಳೆ; ‘ತಲುಪುವ ವೇಳೆ’ ಎಂದರೆ ಬಜಪೆಯಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವ ವೇಳೆ. ನಡುವೆ ನೆಲದ ಮೇಲೆ ಉರುಳುವುದೂ ಸರದಿಯಲ್ಲಿ ನಿಲ್ಲುವುದೂ ಇದರಲ್ಲಿಯೇ ಸೇರಿವೆ. ಮುಂಬಯಿಯ ಹಳೆಯ ನಿಲ್ದಾಣದಲ್ಲಿ ರನ್‌ವೇಗಳು ಎರಡಿದ್ದರೂ ಅವು ಒಂದನ್ನೊಂದು ಕತ್ತರಿಸುವುದರಿಂದ ಎರಡನ್ನೂ ಏಕಕಾಲದಲ್ಲಿ ಸ್ವತಂತ್ರವಾಗಿ ಉಪಯೋಗಿಸಲಾಗದು. ದಟ್ಟಣೆಯ ವೇಳೆಯಲ್ಲಿ ಸರದಿ ಬೆಳೆಯಲು ಇದೊಂದು ಮುಖ್ಯ ಕಾರಣ.

ಬಜಪೆಯದು ಬೇರೆ ತೊಡಕು. ಅಲ್ಲಿಯ ರನ್‌ವೇಗಳು ಗುಡ್ಡದ ನೆತ್ತಿಯನ್ನು ಸಮಮಾಡಿ ನಿರ್ಮಿಸಿದಂಥವು, ಅಂಚಿನಾಚೆ ಕಣಿವೆ. ಮೊದಲಿನ ರನ್‌ವೇ 1,615 ಮೀಟರ್. ಅದು ಸಾಲದೆ 2,450 ಮೀಟರಿನ ಎರಡನೆಯದು 2006ರಲ್ಲಿ ಬಳಕೆಗೆ ಬಂದಿತು. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನವು ಈ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ಮಡಿದುದನ್ನು ಕರಾವಳಿಯ ಯಾವ ಮನೆಯೂ ಮರೆತಿಲ್ಲ. ಆದುದರಿಂದ ಆಷಾಢದ ಮಳೆ ಸುರಿಯುವಾಗಲೂ ಮಂಜು ಕವಿದಾಗಲೂ ವೈಮಾನಿಕರು ದುಡುಕದೆ ಮೇಲೆಯೇ ಸುತ್ತುತ್ತಾರೆ. ದಾರಿ ಕಾಣದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತಾರೆ. ಅದನ್ನು ದೂರಬಾರದು, ಆದರೆ ಮಳೆಗಾಲದ ಲೆಕ್ಕದಲ್ಲಿ ಅದಕ್ಕೂ ಎಡೆಯಿಟ್ಟಿರಬೇಕು.

ನೆಲದ ಮೇಲಿನ ವೇಳೆ

ಇನ್ನು ಠಾಕುರ್ಲಿಯವನ ಪ್ರಯಾಣಕ್ಕೆ ಬರೋಣ. ಒಂದು ಕಾಲಕ್ಕೆ ರೈಲ್ವೆಯ ವಿದ್ಯುದಾಗಾರದಿಂದ ಹೆಸರಾದ ಈ ಊರು ಡೊಂಬಿವಲಿ ಮತ್ತು ಕಲ್ಯಾಣಗಳ ನಡುವೆ ಸಿಲುಕಿಕೊಂಡಿದೆ. ವೇಗದ ಲೋಕಲುಗಳು ನೆರೆಯ ಡೊಂಬಿವಲಿಯಲ್ಲಿ ನಿಲ್ಲುತ್ತವೆ. ಠಾಕುರ್ಲಿಯವನು ನಿಧಾನದ ಗಾಡಿಯನ್ನೇ ನೆಚ್ಚಬೇಕು. ಖೋಲಿಯಿಂದ ಸ್ಟೇಷನ್ನಿಗೆ ಕಾಲು ಗಂಟೆ, ಘಾಟ್‌ಕೋಪರಿಗೆ ಮುಕ್ಕಾಲು ಗಂಟೆಗೂ ಮೇಲೆ. ಅಲ್ಲಿಂದ 2014ರಲ್ಲಿ ಆರಂಭವಾದ ಮೊದಲನೆಯ ಮೆಟ್ರೋ ಹಿಡಿದು ಮರೋಳ ನಾಕಾದಲ್ಲಿಳಿದು, ನೆಲದಡಿಯ ಮೂರನೆಯ ಮೆಟ್ರೋಗೆ ಬದಲಾಯಿಸಿದರೆ ಮರುನಿಲ್ದಾಣವೇ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್. ಹತ್ತುವುದು, ಇಳಿಯುವುದು, ನಡೆಯುವುದು ಎಲ್ಲ ಸೇರಿ ಮತ್ತೆ ಮುಕ್ಕಾಲು ಗಂಟೆ. ಅಂದರೆ ಮನೆಯಿಂದ ನಿಲ್ದಾಣದ ಬಾಗಿಲಿಗೆ ಸುಮಾರು ಒಂದು ಗಂಟೆ ಐವತ್ತು ನಿಮಿಷ. ಟ್ಯಾಕ್ಸಿಯಲ್ಲಿ ಹೋದರೆ ಹಣ ಹೆಚ್ಚು. ದಟ್ಟಣೆಯ ಹೊತ್ತಿನಲ್ಲಿ ವೇಳೆಯೂ ಕಡಿಮೆಯಾಗುವ ಭರವಸೆಯಿಲ್ಲ.

ವಿಮಾನ ಹೊರಡುವುದಕ್ಕೆ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರುವುದು ಕ್ಷೇಮ. ಸಾಮಾನು ಒಪ್ಪಿಸುವ ಕೌಂಟರನ್ನು ಸಾಮಾನ್ಯವಾಗಿ ಅರವತ್ತು ನಿಮಿಷ ಮೊದಲೇ ಮುಚ್ಚುತ್ತಾರೆ. ಒಂದು ನಿಮಿಷ ತಡವಾದರೂ ಅಲ್ಲಿ ಕಣ್ಣೀರಿಗೆ ಬೆಲೆಯಿಲ್ಲ. ಅನಂತರ ಒಂದೂವರೆ ಗಂಟೆಯ ಹಾರಾಟ. ಬಜಪೆಯಲ್ಲಿ ಇಳಿದು ಸಾಮಾನು ತೆಗೆದುಕೊಂಡು ಹೊರಬರಲು ಅರ್ಧ ಗಂಟೆ. ಮಂಗಳೂರು ಪೇಟೆಯವನಾದರೆ ಅಲ್ಲಿಂದ ಹದಿಮೂರು ಕಿಲೋಮೀಟರ್. ಉಡುಪಿಯವನಾದರೆ ಐವತ್ತಕ್ಕೂ ಮೇಲೆ, ಒಂದೂ ಮುಕ್ಕಾಲು ಗಂಟೆಯ ದಾರಿ. ಕುಂದಾಪುರದವನು ಅದರ ಮೇಲೆ ಇನ್ನೊಂದು ಗಂಟೆ ಕೂಡಿಸಿಕೊಳ್ಳಲಿ.

ಉಡುಪಿಯವನ ಲೆಕ್ಕವನ್ನು ಕೂಡಿಸಿ ನೋಡಿರಿ. ನಿಲ್ದಾಣದವರೆಗೆ 1 ಗಂಟೆ 50 ನಿಮಿಷ. ಕಾಯುವುದು 2 ಗಂಟೆ. ಹಾರಾಟ 1 ಗಂಟೆ 30 ನಿಮಿಷ. ಹೊರಬರುವುದು 30 ನಿಮಿಷ. ಉಡುಪಿಯ ದಾರಿ 1 ಗಂಟೆ 45 ನಿಮಿಷ. ಒಟ್ಟು 7 ಗಂಟೆ 35 ನಿಮಿಷ. ಪೇಟೆಯಿಂದ ಹಳ್ಳಿಯ ಮನೆಗೆ ರಿಕ್ಷಾ ಹಿಡಿಯುವುದೂ ಇದ್ದರೆ ಎಂಟು ಗಂಟೆಯೆನ್ನಿರಿ. ಇದರಲ್ಲಿ ಆತನು ಆಕಾಶದಲ್ಲಿದ್ದದ್ದು ಹೆಚ್ಚೆಂದರೆ ಐದನೆಯ ಒಂದು ಪಾಲು. ಡಕೋಟಾದ ಕಾಲದಿಂದ ಇಂದಿನವರೆಗೆ ಹಾರಾಟದಲ್ಲಿ ಉಳಿದ ವೇಳೆ ಸುಮಾರು ಒಂದು ಗಂಟೆ. ಆದರೆ ಆಗ ಇಂದಿನಂತಹ ಭದ್ರತಾ ತಪಾಸಣೆಗಳಿರಲಿಲ್ಲ. ಗಗನದಲ್ಲಿ ಗಳಿಸಿದ್ದನ್ನು ನೆಲದ ಮೇಲಿನ ಸರದಿಗಳಲ್ಲಿ ತೆತ್ತಂತಾಗಿದೆ.

ಇದರಿಂದ ಇನ್ನೊಂದು ಮಾತು ಸ್ಪಷ್ಟವಾಗುತ್ತದೆ. ಊರು ಹತ್ತಿರವಾದಷ್ಟೂ ವಿಮಾನದ ಲಾಭ ಕಡಿಮೆ. ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಮುಂಬಯಿಯಿಂದ ನೇರ ಅಂತರ ಸುಮಾರು 400 ಕಿಲೋಮೀಟರ್ ಮಾತ್ರ. ಹಾರುವ ವೇಳೆ ಇಳಿದೀತು. ಆದರೆ ಮನೆಯಿಂದ ನಿಲ್ದಾಣಕ್ಕೆ ಹೋಗುವ ಹಾಗೂ ಅಲ್ಲಿ ಕಾಯುವ ನಾಲ್ಕು ಗಂಟೆ ಒಂದು ನಿಮಿಷವೂ ಇಳಿಯದು. ಬೆಳಗಾವಿ, ಹುಬ್ಬಳ್ಳಿಗಳ ಕಡೆಯ ಬಂಧುಗಳು ರಾತ್ರಿಯ ಬಸ್ಸನ್ನು ಬಿಡದಿರುವುದು ಅವಿವೇಕವಲ್ಲ.

ಹೊಸ ನಿಲ್ದಾಣ

ನಮ್ಮ ಕಡೆಯವರಿಗೆ ಈಗ ಹೊಸದೊಂದು ಅನುಕೂಲ ಒದಗಿದೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡ ನವಿ ಮುಂಬಯಿ ವಿಮಾನ ನಿಲ್ದಾಣದಿಂದ ಅದೇ ವರ್ಷದ ಡಿಸೆಂಬರ್ 25ರಂದು ಪ್ರಯಾಣಿಕರ ವಿಮಾನಗಳು ಹಾರತೊಡಗಿದವು. ಬಜಪೆ ತೆರೆದು ಸರಿಯಾಗಿ ಎಪ್ಪತ್ತನಾಲ್ಕು ವರ್ಷ ತುಂಬಿದ ದಿನವದು. ಠಾಕುರ್ಲಿಯಿಂದ ಹಕ್ಕಿಯ ಹಾರಾಟದಲ್ಲಿ ಅಳೆದರೆ ಸಹಾರ್ ಸುಮಾರು 27, ಹೊಸ ನಿಲ್ದಾಣ ಸುಮಾರು 26 ಕಿಲೋಮೀಟರ್, ಎರಡೂ ಸಮ. ಆದರೆ ಹೊಸ ನಿಲ್ದಾಣಕ್ಕೆ ಕಲ್ಯಾಣ–ಶಿಳ್ ರಸ್ತೆಯಿಂದ ತಳೋಜಾ, ಪನವೇಲುಗಳ ಕಡೆಗೆ ಇಳಿದು, ಮುಂಬಯಿಯ ಒಡಲನ್ನು ಹೊಗದೆಯೇ ಸೇರಬಹುದು. ಅಲ್ಲಿಂದ ಬಜಪೆಗೆ ನೇರ ಅಂತರವೂ ಸುಮಾರು 695 ಕಿಲೋಮೀಟರ್, ಅಂದರೆ ಹದಿನೇಳು ಕಿಲೋಮೀಟರ್ ಕಡಿಮೆ. ಈ ಹದಿನೇಳು ಕಿಲೋಮೀಟರು ವಿಮಾನಕ್ಕೆ ಒಂದೆರಡು ನಿಮಿಷದ ಮಾತು, ಉಳಿತಾಯವೇನಿದ್ದರೂ ರಸ್ತೆಯಲ್ಲಿಯೇ.

ಅನುಕೂಲದೊಡನೆ ಒಂದು ಅಪಾಯವೂ ಬಂದಿದೆ. ‘ಮುಂಬಯಿ’ ಎಂದು ಟಿಕೇಟು ಕೊಂಡವನು ಯಾವ ಮುಂಬಯಿಯೆಂದು ನೋಡಿಕೊಳ್ಳಬೇಕು. ಹಳೆಯ ನಿಲ್ದಾಣದ ಸಂಕೇತ ಬಿ.ಓ.ಎಂ.; ಹೊಸದರ ಸಂಕೇತ ಎನ್.ಎಂ.ಐ.; ಮಂಗಳೂರಿನದು ಐ.ಎಕ್ಸ್.ಇ. ಹಳೆಯ ನಿಲ್ದಾಣವಾದರೆ ಟರ್ಮಿನಲ್ ಒಂದೋ ಎರಡೋ ಎಂಬುದನ್ನೂ ನೋಡಬೇಕು. ತಪ್ಪಿ ಒಂದು ನಿಲ್ದಾಣದ ಬದಲು ಇನ್ನೊಂದಕ್ಕೆ ಹೋದವನು ಎರಡು ಗಂಟೆ ಮೊದಲು ಬಂದಿದ್ದರೂ ವಿಮಾನವನ್ನು ಹಿಡಿಯಲಾರ.

ರೈಲೋ, ವಿಮಾನವೋ?

ಮಧ್ಯಾಹ್ನ ಮುಂಬಯಿಯಿಂದ ಹೊರಡುವ ಮತ್ಸ್ಯಗಂಧಾ ಗಾಡಿಯು ಠಾಣೆ, ಪನವೇಲುಗಳಲ್ಲಿ ನಿಂತು, ಮರುದಿನ ಬೆಳಗ್ಗೆ ಬೈಂದೂರು, ಕುಂದಾಪುರ, ಉಡುಪಿ, ಮೂಲ್ಕಿ, ಸುರತ್ಕಲ್ಲುಗಳ ಜನರನ್ನು ಅವರವರ ಊರಿನ ಬಳಿಯಲ್ಲಿಯೇ ಇಳಿಸುತ್ತದೆ. ಠಾಣೆಯಿಂದ ಉಡುಪಿಗೆ ಹದಿಮೂರು ಹದಿನಾಲ್ಕು ಗಂಟೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿಯಿದ್ದು, ವೇಗ ತಗ್ಗುತ್ತದೆ. ಠಾಕುರ್ಲಿಯಿಂದ ಠಾಣೆಗೆ ಹೋಗಿ ಕಾಯುವುದನ್ನೂ ಸೇರಿಸಿದರೆ ಹದಿನೈದು ಗಂಟೆಗೂ ಮಿಕ್ಕಿ. ವಿಮಾನದ ಎಂಟು ಗಂಟೆಯೆದುರಿಗೆ ಇದು ಇಮ್ಮಡಿ. ಆದರೂ ಯಾವುದು ಮೊದಲು ಮನೆ ಮುಟ್ಟಿಸುತ್ತದೆಂಬುದು ಸುದ್ದಿ ಬಂದ ಗಳಿಗೆಯನ್ನು ಅವಲಂಬಿಸಿದೆ.

ಸುದ್ದಿ ಬೆಳಗ್ಗೆ ಏಳಕ್ಕೆ ಬಂದಿತೆನ್ನೋಣ. ಮಧ್ಯಾಹ್ನದ ವಿಮಾನದಲ್ಲಿ ಸ್ಥಳ ಸಿಕ್ಕರೆ ಆ ಸಂಜೆಯೇ ಉಡುಪಿ ಸೇರಬಹುದು. ರೈಲು ಹಿಡಿದವನು ಸೇರುವುದು ಮರುದಿನದ ಬೆಳಗಿಗೆ. ಇಲ್ಲಿ ವಿಮಾನಕ್ಕೆ ಕೊಟ್ಟ ಹಣ ಸಾರ್ಥಕ. ಸುದ್ದಿ ಮಧ್ಯಾಹ್ನ ಒಂದು ಗಂಟೆಗೆ ಬಂದಿತೆನ್ನೋಣ. ಸಂಜೆಯ ವಿಮಾನದಲ್ಲಿ ಸ್ಥಳವಿಲ್ಲದಿದ್ದರೆ ಮರುದಿನ ಬೆಳಗಿನದೇ ಗತಿ. ಅದರಲ್ಲಿ ಉಡುಪಿ ಮುಟ್ಟುವಾಗ ನಡುಹಗಲು. ಅದೇ ಮನುಷ್ಯನು ಕೂಡಲೇ ಹೊರಟು ಠಾಣೆಯಲ್ಲಿ ಸಾಮಾನ್ಯ ಡಬ್ಬಿಯ ಟಿಕೇಟು ತೆಗೆದು ಅಂದಿನ ಗಾಡಿ ಹತ್ತಿದ್ದರೆ ಸೂರ್ಯೋದಯದ ಹೊತ್ತಿಗೆ ಅಂಗಳದಲ್ಲಿರುತ್ತಿದ್ದ. ಸುದ್ದಿ ರಾತ್ರಿ ಹತ್ತಕ್ಕೆ ಬಂದರೆ ಮಧ್ಯಾಹ್ನದ ಗಾಡಿ ಹೋಗಿಯಾಗಿದೆ; ಬೆಳಗಿನ ವಿಮಾನವೇ ಸರಿ. ಆದರೆ ನಡುರಾತ್ರಿಯ ನಂತರ ಕೆಲವು ಗಂಟೆ ಲೋಕಲುಗಳೂ ಇಲ್ಲ, ಮೆಟ್ರೋ ಕೂಡ ಇಲ್ಲ. ಮುಂಜಾವದ ವಿಮಾನ ಹಿಡಿಯುವವನು ಕೊನೆಯ ಲೋಕಲಿನಲ್ಲಿಯೇ ಹೋಗಿ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕು, ಇಲ್ಲವೆ ಟ್ಯಾಕ್ಸಿಯ ಹಣ ಜೇಬಿನಲ್ಲಿರಬೇಕು. ಕಡೆಗಳಿಗೆಯಲ್ಲಿ ವಿಮಾನದ ದರವು ಏರುವುದೂ ಎಲ್ಲರಿಗೂ ತಿಳಿದದ್ದೇ. ತಿಂಗಳ ಸಂಬಳದ ದೊಡ್ಡ ಪಾಲನ್ನು ಸುರಿಯುವ ಮೊದಲು ಈ ಮೂರು ಸಂದರ್ಭಗಳಲ್ಲಿ ತನ್ನದಾವುದೆಂದು ಐದು ನಿಮಿಷ ಕುಳಿತು ಯೋಚಿಸುವುದು ಲೇಸು.

ಕಾಯುವವರಿಗೆ ಹೇಳಬೇಕಾದ ಗಂಟೆ

ಊರಿನಲ್ಲಿ ಸಾವು ಸಂಭವಿಸಿದಾಗ ಮುಂಬಯಿಯ ಮಗನಿಗಾಗಿ ಕಾಯಬೇಕೆ, ಎಷ್ಟು ಹೊತ್ತು ಕಾಯಬೇಕು ಎಂಬ ಪ್ರಶ್ನೆ ಮನೆಯ ಹಿರಿಯರ ಮುಂದೆ ಏಳುತ್ತದೆ. ಮಳೆ ಬರುತ್ತಿರಬಹುದು, ಕಟ್ಟಿಗೆ ಒಟ್ಟಿರಬಹುದು, ನೆರೆಹೊರೆಯವರು ಕೆಲಸ ಬಿಟ್ಟು ಕುಳಿತಿರಬಹುದು. ಅವರು ದೂರವಾಣಿಯಲ್ಲಿ ಕೇಳುವುದು ಒಂದೇ ಮಾತು: “ನೀನು ಎಷ್ಟು ಗಂಟೆಗೆ ಮುಟ್ಟುತ್ತೀ ಮಗಾ?” ದುಃಖದ ಭರದಲ್ಲಿ “ವಿಮಾನದಲ್ಲಿ ಬರುತ್ತಿದ್ದೇನೆ, ಒಂದೂವರೆ ಗಂಟೆ” ಎಂದುಬಿಟ್ಟರೆ ಅವರು ಅದನ್ನೇ ಹಿಡಿದು ಕುಳಿತುಕೊಳ್ಳುತ್ತಾರೆ. ಹೇಳಿದ ಗಂಟೆ ಮೀರಿ ಒಂದು, ಎರಡು, ಮೂರು ಗಂಟೆ ಕಳೆದ ಮೇಲೆ, ಇನ್ನು ಬರಲಾರನೆಂದು ಎತ್ತಿಬಿಟ್ಟರೆ ದೋಷ ಯಾರದು? ಮೊದಲೇ “ಎಂಟು ಗಂಟೆ ಬೇಕು, ಸಂಜೆ ಆರಕ್ಕೆ ಮುಟ್ಟುತ್ತೇನೆ” ಎಂದಿದ್ದರೆ ಕಾಯುವವರು ಅದಕ್ಕೆ ತಕ್ಕಂತೆ ಏರ್ಪಾಡು ಮಾಡುತ್ತಿದ್ದರು. ಕಾಯಲು ಸಾಧ್ಯವಿಲ್ಲವೆಂದಾದರೂ ಸ್ಪಷ್ಟವಾಗಿ ಹೇಳುತ್ತಿದ್ದರು.

ಆದುದರಿಂದ ನಮ್ಮ ಸೂಚನೆ ಇಷ್ಟು. ಪ್ರತಿಯೊಬ್ಬನೂ ತನ್ನ ಖೋಲಿಯಿಂದ ತನ್ನ ಮನೆಯವರೆಗಿನ ಲೆಕ್ಕವನ್ನು, ಮೇಲೆ ತೋರಿಸಿದಂತೆ, ನೆಮ್ಮದಿಯ ದಿನವೊಂದರಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಲೋಕಲಿಗೆ ಇಷ್ಟು, ಕಾಯಲು ಇಷ್ಟು, ಹಾರಲು ಇಷ್ಟು, ಬಜಪೆಯಿಂದ ಮುಂದಕ್ಕೆ ಇಷ್ಟು. ಮಳೆಗಾಲವಾದರೆ ಅದರ ಮೇಲೆ ಒಂದು ಗಂಟೆ ಹೆಚ್ಚಿಗೆ. ಸರಕಾರದ ಭಾವಚಿತ್ರವಿರುವ ಗುರುತಿನ ಚೀಟಿ ಸದಾ ಕೈಗೆ ಸಿಗುವಂತಿರಲಿ. ಹೋಟೇಲಿನಲ್ಲಿ ಕರೆಯುವ ಹೆಸರು ಒಂದು, ಚೀಟಿಯಲ್ಲಿರುವ ಹೆಸರು ಇನ್ನೊಂದು ಎಂಬುದು ನಮ್ಮವರಲ್ಲಿ ಸಾಮಾನ್ಯ. ಟಿಕೇಟನ್ನು ಗೆಳೆಯರು ಕೊಂಡರೂ ಚೀಟಿಯ ಹೆಸರಿನಲ್ಲಿಯೇ ಕೊಳ್ಳಲಿ. ಅವಸರದ ಪ್ರಯಾಣದಲ್ಲಿ ಕೈಚೀಲವೊಂದನ್ನೇ ಒಯ್ದರೆ ಸಾಮಾನು ಒಪ್ಪಿಸುವ ಸರದಿಯೂ ಬಜಪೆಯಲ್ಲಿ ಅದಕ್ಕಾಗಿ ಕಾಯುವುದೂ ತಪ್ಪುತ್ತವೆ; ಅರ್ಧ ಗಂಟೆಯಾದರೂ ಉಳಿದೀತು. ಹಿಂದಿರುಗುವಾಗ ತಾಯಿಯೋ ಅಕ್ಕನೋ ಕಟ್ಟಿಕೊಡುವ ಒಣಕೊಬ್ಬರಿಯನ್ನು ವಿಮಾನದವರು ಒಯ್ಯಗೊಡುವುದಿಲ್ಲ. ಅದು ಬೆಂಕಿ ಹಿಡಿಯುವ ವಸ್ತುವೆಂಬ ಕಾರಣದಿಂದ. ಅದನ್ನು ರೈಲಿನ ಪ್ರಯಾಣಕ್ಕೆ ಇಟ್ಟುಕೊಳ್ಳುವುದು ಉತ್ತಮ.

ಹೋಟೇಲಿನ ಯಜಮಾನರಲ್ಲಿಯೂ ಕಚೇರಿಯ ಮೇಲಧಿಕಾರಿಗಳಲ್ಲಿಯೂ ನಮ್ಮದೊಂದು ವಿನಂತಿಯಿದೆ. “ವಿಮಾನದಲ್ಲಿ ಹೋಗುತ್ತೀಯಲ್ಲ, ನಾಡಿದ್ದು ಬೆಳಗ್ಗೆ ಗಲ್ಲೆಯ ಮೇಲಿರು” ಎಂದು ರಜೆಯನ್ನು ಮೊಟಕುಗೊಳಿಸಬೇಡಿರಿ. ಹೋಗಲು ಎಂಟು ಗಂಟೆ, ಬರಲು ಎಂಟು ಗಂಟೆ ಕಳೆದರೆ ಎರಡು ದಿನದ ರಜೆಯಲ್ಲಿ ತಾಯಿಯ ಬಳಿ ಕೂರಲು ಆತನಿಗೆ ಉಳಿಯುವುದು ಒಂದು ಹಗಲೂ ಒಂದು ರಾತ್ರಿಯೂ ಮಾತ್ರ. ನಮ್ಮ ಎಷ್ಟೋ ಯಜಮಾನರು ಇದೇ ದಾರಿಯಲ್ಲಿ ಕೈಚೀಲ ಹಿಡಿದು ಬಂದವರೇ. ಅವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಇನ್ನೊಂದು ದಿನವನ್ನು ಅವರು ಸಂತೋಷದಿಂದ ಕೊಟ್ಟಾರೆಂದು ನಂಬಿದ್ದೇವೆ.